ಒಂದನೇ ರ‍್ಯಾಂಕ್‌ನ ತಂಡವೇ ಕಪ್ ಗೆಲ್ಲಬೇಕೆಂದಿದೆಯೇ? ದೇಶಗಳ ಫುಟ್‌ಬಾಲ್ ಬಲವನ್ನು ಅಳೆಯುವ ಬಗೆ

2022ರ ನವೆಂಬರ್ 22, ಕತಾರ್‌ನ ಲುಸೈಲ್ ಕ್ರೀಡಾಂಗಣ. ಸತತ 36 ಪಂದ್ಯಗಳಲ್ಲಿ ಸೋಲನ್ನೇ ಕಾಣದೆ ಬಂದಿದ್ದ ಅರ್ಜೆಂಟೀನಾ ವಿಶ್ವ ರ‍್ಯಾಂಕಿಂಗ್‌ನಲ್ಲಿ 3ನೇ ಸ್ಥಾನದಲ್ಲಿತ್ತು. ಎದುರಾಳಿ ಸೌದಿ ಅರೇಬಿಯಾ 51ನೇ ಸ್ಥಾನದಲ್ಲಿತ್ತು. ಹತ್ತನೇ ನಿಮಿಷಕ್ಕೇ ಮೆಸ್ಸಿ ಪೆನಾಲ್ಟಿಯಲ್ಲಿ ಗೋಲು ಹೊಡೆದಾಗ ಇನ್ನು ಉಳಿದಿರುವುದು ಗೋಲಿನ ಲೆಕ್ಕ ಮಾತ್ರ ಎಂದುಕೊಂಡವರೇ ಹೆಚ್ಚು. ಪಂದ್ಯ ಮುಗಿದಾಗ ಸೌದಿ 2–1ರಿಂದ ಗೆದ್ದಿತ್ತು.

ಮುಂದೆ ಆದದ್ದು ಇನ್ನೂ ವಿಚಿತ್ರ. ಗೆದ್ದ ಸೌದಿ ಉಳಿದೆರಡು ಪಂದ್ಯಗಳನ್ನು ಸೋತು ಗುಂಪಿನಲ್ಲೇ ಕಡೆಯ ಸ್ಥಾನ ಪಡೆದು ಮನೆಗೆ ಹೋಯಿತು. ಸೋತ ಅರ್ಜೆಂಟೀನಾ 26 ದಿನಗಳ ನಂತರ ಅದೇ ಮೈದಾನದಲ್ಲಿ ವಿಶ್ವಕಪ್ ಎತ್ತಿತು.

ಹಾಗಾದರೆ ಆ ದಿನ ಯಾವ ತಂಡ ಬಲಿಷ್ಠವಾಗಿತ್ತು? ರ‍್ಯಾಂಕಿಂಗ್ ಸುಳ್ಳು ಹೇಳಿತ್ತೇ? 2026ರ ವಿಶ್ವಕಪ್‌ಗೆ ಮೊದಲ ಬಾರಿಗೆ 48 ತಂಡಗಳು. ಗುಂಪುಗಳ ಚೀಟಿ ಎತ್ತಿದ ದಿನದಿಂದ ಯಾರ ಗುಂಪು ಸುಲಭ, ಯಾರದು ಕಷ್ಟ ಎಂಬ ಚರ್ಚೆ ಪೆಲೆಯ ಪ್ರತಿಮೆ ಇರುವ ಬೆಂಗಳೂರಿನ ಗೌತಮಪುರದಲ್ಲೂ ಇದೆ, ಫುಟ್‌ಬಾಲನ್ನು ನಾಲ್ಕು ವರ್ಷಕ್ಕೊಮ್ಮೆ ಮಾತ್ರ ನೋಡುವ ಮನೆಗಳಲ್ಲೂ ಇದೆ. ಆ ಚರ್ಚೆಗೆ ಬೇಕಾದ ಮೂಲ ಸಂಗತಿಗಳು ಇಲ್ಲಿವೆ.

ಒಂದೇ ಮಾತಿನೊಳಗೆ ಮೂರು ಪ್ರಶ್ನೆ

“ಯಾವ ತಂಡ ಚೆನ್ನಾಗಿದೆ?” ಎಂದು ಕೇಳುವಾಗ ನಾವು ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಒಟ್ಟಿಗೆ ಕೇಳುತ್ತಿರುತ್ತೇವೆ. ಈ ತಂಡ ಇಲ್ಲಿಯವರೆಗೆ ಎಷ್ಟು ಗೆದ್ದಿದೆ? ಇದರ ಆಟಗಾರರು ಎಷ್ಟು ಪ್ರತಿಭಾವಂತರು? ಮುಂದಿನ ಟೂರ್ನಿಯನ್ನು ಇದು ಗೆಲ್ಲುವ ಸಾಧ್ಯತೆ ಎಷ್ಟು? ಮೊದಲನೆಯದಕ್ಕೆ ಉತ್ತರ ರ‍್ಯಾಂಕಿಂಗ್‌ನಲ್ಲಿದೆ. ಎರಡನೆಯದಕ್ಕೆ ಆಟಗಾರರನ್ನು ಒಬ್ಬೊಬ್ಬರಾಗಿ ನೋಡಬೇಕು. ಮೂರನೆಯದಕ್ಕೆ ಇವೆರಡರ ಜೊತೆ ಟೂರ್ನಿಯ ಏರ್ಪಾಡು ಮತ್ತು ಅದೃಷ್ಟ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದರ ಉತ್ತರವನ್ನು ಇನ್ನೊಂದರ ಉತ್ತರ ಎಂದುಕೊಂಡಾಗಲೇ ಗೊಂದಲ ಹುಟ್ಟುವುದು.

ರ‍್ಯಾಂಕಿಂಗ್‌ನ ಅಂಕ ಎಲ್ಲಿಂದ ಬರುತ್ತದೆ

ವಿಶ್ವ ಫುಟ್‌ಬಾಲ್ ಆಡಳಿತ ಸಂಸ್ಥೆ ಫಿಫಾ 1992ರಿಂದ ದೇಶಗಳ ಪಟ್ಟಿ ಮಾಡುತ್ತಿದೆ. ಲೆಕ್ಕ ಹಾಕುವ ಕ್ರಮ ಹಲವು ಬಾರಿ ಬದಲಾಗಿದ್ದು, ಈಗಿನದು 2018ರಲ್ಲಿ ಬಂತು. ಇದರ ಬೇರು ಇರುವುದು ಚೆಸ್‌ನಲ್ಲಿ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅರ್ಪಾದ್ ಏಲೋ ಚೆಸ್ ಆಟಗಾರರಿಗೆ ಅಂಕ ಕೊಡುವ ಒಂದು ವಿಧಾನ ರೂಪಿಸಿದರು. ವಿಶ್ವ ಚೆಸ್ ಸಂಸ್ಥೆ 1970ರಲ್ಲಿ ಅದನ್ನು ಒಪ್ಪಿಕೊಂಡಿತು. ಇಂದಿಗೂ ಚೆಸ್ ಸುದ್ದಿಯಲ್ಲಿ ನಾವು ಓದುವ ‘2700ರ ರೇಟಿಂಗ್’ ಇದೇ.

ಇದರ ತಿರುಳು ತಿಳಿಯಲು ಊರ ಜಾತ್ರೆಯ ಕುಸ್ತಿ ನೆನೆಸಿಕೊಳ್ಳಿ. ಹೆಸರುವಾಸಿ ಪೈಲ್ವಾನ ಹೊಸ ಹುಡುಗನನ್ನು ಚಿತ್ ಮಾಡಿದರೆ ಯಾರೂ ಹುಬ್ಬೇರಿಸುವುದಿಲ್ಲ. ಆ ಹುಡುಗನೇ ಪೈಲ್ವಾನನನ್ನು ಕೆಡವಿದರೆ ಊರೆಲ್ಲ ಅದೇ ಮಾತು. ಅಂದರೆ ಗೆಲುವಿನ ಬೆಲೆ ನಿಂತಿರುವುದು ಎದುರಾಳಿ ಯಾರು ಎಂಬುದರ ಮೇಲೆ. ಏಲೋ ವಿಧಾನ ಈ ತಿಳಿವಳಿಕೆಗೇ ಅಂಕೆ ಕೊಡುತ್ತದೆ.

ಪಂದ್ಯಕ್ಕೆ ಮೊದಲು ಎರಡೂ ತಂಡಗಳ ಅಂಕಗಳ ಅಂತರ ನೋಡಿ ಪ್ರತಿ ತಂಡದ ‘ನಿರೀಕ್ಷೆ’ ಎಷ್ಟೆಂದು ಸೂತ್ರ ಹೇಳುತ್ತದೆ. ಗೆದ್ದರೆ 1, ಡ್ರಾ ಆದರೆ ಅರ್ಧ, ಸೋತರೆ ಸೊನ್ನೆ ಎಂದು ಹಿಡಿದಾಗ ಸರಾಸರಿ ಎಷ್ಟು ಸಿಗಬಹುದು ಎಂಬುದೇ ಈ ನಿರೀಕ್ಷೆ. ಪಂದ್ಯ ಮುಗಿದ ಮೇಲೆ ನಿಜವಾಗಿ ಸಿಕ್ಕಿದ್ದರಲ್ಲಿ ನಿರೀಕ್ಷೆಯನ್ನು ಕಳೆದು, ಉಳಿದದ್ದನ್ನು ಪಂದ್ಯದ ‘ತೂಕ’ದಿಂದ ಗುಣಿಸುತ್ತಾರೆ. ಹೀಗೆ ಬಂದ ಅಂಕ ತಂಡದ ಖಾತೆಗೆ ಸೇರುತ್ತದೆ ಅಥವಾ ಅಲ್ಲಿಂದ ಕಳೆದುಹೋಗುತ್ತದೆ.

ಲುಸೈಲ್‌ನ ಪಂದ್ಯವನ್ನೇ ತೆಗೆದುಕೊಳ್ಳೋಣ. ಅರ್ಜೆಂಟೀನಾ ಖಾತೆಯಲ್ಲಿ ಸುಮಾರು 1773 ಅಂಕ, ಸೌದಿ ಖಾತೆಯಲ್ಲಿ ಸುಮಾರು 1437. ಅಂತರ 336. ಸೂತ್ರದ ಪ್ರಕಾರ ಅರ್ಜೆಂಟೀನಾದ ನಿರೀಕ್ಷೆ 0.78. ವಿಶ್ವಕಪ್ ಗುಂಪು ಹಂತದ ಪಂದ್ಯದ ತೂಕ 50. ಗೆದ್ದಿದ್ದರೆ ಅರ್ಜೆಂಟೀನಾಕ್ಕೆ ಸಿಗುತ್ತಿದ್ದದ್ದು ಕೇವಲ 11 ಅಂಕ. ಡ್ರಾ ಆಗಿದ್ದರೆ 14 ಹೋಗುತ್ತಿತ್ತು. ಸೋತದ್ದರಿಂದ 39 ಅಂಕ ಹೋಯಿತು, ಅಷ್ಟೇ ಅಂಕ ಸೌದಿಗೆ ಸೇರಿತು. ಇದೇ ಪಂದ್ಯ ಒಂದು ಸಾಮಾನ್ಯ ಸೌಹಾರ್ದ ಪಂದ್ಯವಾಗಿದ್ದರೆ ತೂಕ 10 ಮಾತ್ರ, ನಷ್ಟ ಎಂಟು ಅಂಕದೊಳಗೆ. ಅರ್ಹತಾ ಪಂದ್ಯಗಳ ತೂಕ 25. ವಿಶ್ವಕಪ್‌ನ ಕ್ವಾರ್ಟರ್‌ಫೈನಲ್‌ನಿಂದ ಮುಂದಕ್ಕೆ 60.

ಇನ್ನೊಂದು ನಿಯಮ ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತದೆ. ಪಂದ್ಯ ಪೆನಾಲ್ಟಿ ಶೂಟೌಟ್‌ಗೆ ಹೋದರೆ ಗೆದ್ದ ತಂಡಕ್ಕೆ ಪೂರ್ತಿ 1 ಸಿಗುವುದಿಲ್ಲ, 0.75 ಸಿಗುತ್ತದೆ. ಸೋತ ತಂಡಕ್ಕೆ ಡ್ರಾ ಆದಂತೆಯೇ 0.5. ದೊಡ್ಡ ಟೂರ್ನಿಗಳ ನಾಕೌಟ್ ಹಂತದಲ್ಲಿ ಸೋತವರ ಅಂಕ ಕಡಿತವೂ ಆಗುವುದಿಲ್ಲ.

ಸ್ಥಾನ ಬೇರೆ, ಅಂತರ ಬೇರೆ

ಪತ್ರಿಕೆಗಳಲ್ಲಿ ಬರುವುದು ಸ್ಥಾನ ಮಾತ್ರ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ 625ಕ್ಕೆ 625 ತೆಗೆದವರು ಮೊದಲ ಸ್ಥಾನ, 624 ತೆಗೆದವರು ಎರಡನೇ ಸ್ಥಾನ. ಇಬ್ಬರ ನಡುವೆ ಒಂದು ಅಂಕದ ವ್ಯತ್ಯಾಸ ಇದೆಯೇ ಹೊರತು ಬುದ್ಧಿಯ ವ್ಯತ್ಯಾಸ ಇದೆ ಎಂದು ಯಾವ ಮೇಷ್ಟರೂ ಹೇಳಲಾರರು. 2025ರ ನವೆಂಬರ್ ಪಟ್ಟಿಯಲ್ಲಿ ಸ್ಪೇನ್, ಅರ್ಜೆಂಟೀನಾ, ಫ್ರಾನ್ಸ್ ಕ್ರಮವಾಗಿ ಮೊದಲ ಮೂರು ಸ್ಥಾನದಲ್ಲಿದ್ದವು. ಒಂದನೆಯದಕ್ಕೂ ಮೂರನೆಯದಕ್ಕೂ ಇದ್ದ ಅಂತರ ಹತ್ತು ಅಂಕಕ್ಕಿಂತ ಕಡಿಮೆ. ಅಷ್ಟು ಅಂತರಕ್ಕೆ ಸೂತ್ರ ಕೊಡುವ ನಿರೀಕ್ಷೆ 0.51 ಎಂದರೆ ಹೆಚ್ಚಾಯಿತು. ನಾಣ್ಯ ಚಿಮ್ಮಿದ ಹಾಗೆಯೇ ಸರಿ. ಪಟ್ಟಿ ನೋಡುವಾಗ ಸ್ಥಾನದ ಪಕ್ಕದಲ್ಲಿರುವ ಅಂಕವನ್ನು ನೋಡುವ ಅಭ್ಯಾಸ ಮಾಡಿಕೊಂಡರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಈ ಅಂಕದ ಕಣ್ಣಿಗೆ ಬೀಳದ ಸಂಗತಿಗಳು

ಪುರುಷರ ಫಿಫಾ ರ‍್ಯಾಂಕಿಂಗ್ ಗೋಲುಗಳ ಅಂತರ ನೋಡುವುದಿಲ್ಲ. 2014ರ ಸೆಮಿಫೈನಲ್‌ನಲ್ಲಿ ಜರ್ಮನಿ ಬ್ರೆಜಿಲ್ ಅನ್ನು ಅದರದೇ ನೆಲದಲ್ಲಿ 7–1ರಿಂದ ಬಡಿಯಿತಲ್ಲ, ಅಂಥ ಗೆಲುವಿಗೂ 1–0 ಗೆಲುವಿಗೂ ಈ ಸೂತ್ರದಲ್ಲಿ ಒಂದೇ ಬೆಲೆ. ಪಂದ್ಯ ತವರಿನಲ್ಲೋ ಹೊರಗೋ ಎಂಬುದನ್ನೂ ನೋಡುವುದಿಲ್ಲ. ಮುಖ್ಯ ಆಟಗಾರನಿಗೆ ಗಾಯವಾಗಿದೆ, ಕೋಚ್ ಬದಲಾಗಿದ್ದಾರೆ ಎಂಬುದು ಅದಕ್ಕೆ ತಿಳಿಯುವುದೇ ಇಲ್ಲ.

ಆತಿಥೇಯ ದೇಶಗಳ ಪಾಡು ಇನ್ನೊಂದು. ಅವಕ್ಕೆ ಅರ್ಹತಾ ಪಂದ್ಯ ಇರುವುದಿಲ್ಲ. ವರ್ಷಗಟ್ಟಲೆ ಕಡಿಮೆ ತೂಕದ ಸೌಹಾರ್ದ ಪಂದ್ಯಗಳನ್ನೇ ಹೆಚ್ಚಾಗಿ ಆಡಬೇಕು. 2018ರಲ್ಲಿ ಆತಿಥ್ಯ ವಹಿಸಿದ್ದ ರಷ್ಯಾ 70ನೇ ಸ್ಥಾನದಲ್ಲಿತ್ತು, ಆಡಿದ 32 ತಂಡಗಳಲ್ಲೇ ಅತಿ ಕೆಳಗೆ. ಅದೇ ರಷ್ಯಾ ಸ್ಪೇನ್ ಅನ್ನು ಹೊರಗಟ್ಟಿ ಕ್ವಾರ್ಟರ್‌ಫೈನಲ್ ತಲುಪಿತು.

ಆಗಿನ ಹಳೆಯ ಸೂತ್ರದಲ್ಲಿ ದೊಡ್ಡ ತೂತೂ ಇತ್ತು. ಅದು ಪಂದ್ಯಗಳ ಸರಾಸರಿ ತೆಗೆಯುತ್ತಿದ್ದರಿಂದ ಸೌಹಾರ್ದ ಪಂದ್ಯ ಆಡಿದರೆ, ಗೆದ್ದರೂ ಸರಾಸರಿ ಇಳಿಯುವ ಅಪಾಯವಿತ್ತು. ಪೋಲೆಂಡ್ ಇದನ್ನು ಅರಿತು ಸೌಹಾರ್ದ ಪಂದ್ಯಗಳಿಂದ ದೂರ ಉಳಿಯಿತು, 2018ರ ವಿಶ್ವಕಪ್‌ಗೆ ಅಗ್ರಶ್ರೇಯಾಂಕದ ತಂಡಗಳ ಸಾಲಿಗೆ ಸೇರಿತು. ಅಲ್ಲಿ ಕೊಲಂಬಿಯಾ, ಜಪಾನ್, ಸೆನೆಗಲ್ ಇದ್ದ ಗುಂಪಿನಲ್ಲಿ ಕಡೆಯ ಸ್ಥಾನ ಪಡೆಯಿತು. ನಿಯಮದೊಳಗೇ ಆಡಿದ ತಂಡವನ್ನು ದೂರಲಾಗದು. ಅಳತೆಗೋಲಿನಲ್ಲೇ ಇದ್ದ ದೋಷ ಅದು. ಈಗಿನ ಸೂತ್ರ ಸರಾಸರಿ ತೆಗೆಯುವುದನ್ನು ಬಿಟ್ಟು ಕೂಡಿಸಿ ಕಳೆಯುವ ಕ್ರಮಕ್ಕೆ ಬಂದಿದೆ.

ಭಾರತದ ಏರಿಳಿತವನ್ನು ಓದುವುದು ಹೇಗೆ

2023ರ ಜುಲೈ 4ರ ರಾತ್ರಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತ ಕುವೈತ್ ಅನ್ನು ಶೂಟೌಟ್‌ನಲ್ಲಿ 5–4ರಿಂದ ಸೋಲಿಸಿ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಗೆದ್ದಿತು. ಅದೇ ತಿಂಗಳು ಭಾರತ 99ನೇ ಸ್ಥಾನಕ್ಕೆ ಬಂದಾಗ ನಾಡಿನ ಫುಟ್‌ಬಾಲ್ ಪ್ರಿಯರಿಗೆಲ್ಲ ಹಬ್ಬ. ಆರು ತಿಂಗಳ ನಂತರ ಕತಾರ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ ಎದುರಿನ ಮೂರೂ ಪಂದ್ಯ ಸೋತು, ಒಂದೂ ಗೋಲು ಹೊಡೆಯದೆ ವಾಪಸಾದ ತಂಡ 117ಕ್ಕೆ ಇಳಿಯಿತು. 2025ರ ನವೆಂಬರ್ ಹೊತ್ತಿಗೆ 142.

ಆರು ತಿಂಗಳಲ್ಲಿ ಆಟಗಾರರ ಪ್ರತಿಭೆ ಕರಗಿಹೋಗುವುದಿಲ್ಲ. ತಂಡವೂ ಬಹುಪಾಲು ಅದೇ ಇತ್ತು. ಬದಲಾದದ್ದು ಎದುರಾಳಿ, ನೆಲ ಮತ್ತು ಪಂದ್ಯದ ತೂಕ. ಏಷ್ಯಾ ಕಪ್‌ನ ಗುಂಪು ಹಂತದ ಪಂದ್ಯಕ್ಕೆ ತೂಕ 35. ನಮಗಿಂತ 300 ಅಂಕ ಮೇಲಿರುವ ತಂಡದ ಎದುರು ಸೋಲು ನಿರೀಕ್ಷಿತವೇ, ಆದರೂ ಎಂಟು ಅಂಕ ಹೋಗುತ್ತದೆ. ಸಮಬಲದ ತಂಡದ ಎದುರು ಸೋತರೆ ಹದಿನೇಳು. ಪಟ್ಟಿಯ ಮಧ್ಯಭಾಗದಲ್ಲಿ ತಂಡಗಳು ಸಂತೆಯ ಜನದಂತೆ ಒತ್ತೊತ್ತಾಗಿ ನಿಂತಿರುತ್ತವೆ. ಅಲ್ಲಿ ಇಪ್ಪತ್ತು ಅಂಕ ಕಳೆದುಕೊಂಡರೆ ಹತ್ತಾರು ಸ್ಥಾನ ಜಾರುವುದು ಸಹಜ. 99 ಬಂದಾಗ ನಾವು ಅಷ್ಟೊಂದು ಮೇಲಿರಲಿಲ್ಲ ಎಂಬುದು ನನ್ನ ಅನಿಸಿಕೆ. ನಂತರದ ಕುಸಿತ ಮಾತ್ರ ಬರಿಯ ಲೆಕ್ಕದ ಆಟವಲ್ಲ. ಎರಡು ವರ್ಷಗಳ ಸೋಲುಗಳು ಅದರ ಹಿಂದಿವೆ.

ಪ್ರತಿಭೆಯನ್ನು ತೂಗುವ ತಕ್ಕಡಿ

ಎರಡನೇ ಪ್ರಶ್ನೆಗೆ ಬರೋಣ. ಆಟಗಾರರ ಗುಣಮಟ್ಟ ಅಳೆಯಲು ಸುಲಭದ ದಾರಿ, ಅವರು ಯಾವ ಕ್ಲಬ್‌ಗಳಿಗೆ ಆಡುತ್ತಾರೆ ಎಂದು ನೋಡುವುದು. ಇಂಗ್ಲೆಂಡ್, ಸ್ಪೇನ್, ಜರ್ಮನಿ, ಇಟಲಿ, ಫ್ರಾನ್ಸ್‌ನ ಮೊದಲ ದರ್ಜೆ ಲೀಗ್‌ಗಳಲ್ಲಿ ವಾರವಾರವೂ ಆಡುವವರು ತಂಡದಲ್ಲಿ ಎಷ್ಟು ಮಂದಿ? ಕ್ಲಬ್‌ಗಳು ಅವರನ್ನು ಕೊಳ್ಳಲು ಎಷ್ಟು ಹಣ ಕೊಡಬಹುದು? ಈ ಮಾರುಕಟ್ಟೆ ಬೆಲೆಯನ್ನು ಕೂಡಿಸಿದರೆ ತಂಡದ ಪ್ರತಿಭೆಯ ಒಂದು ಅಂದಾಜು ಸಿಗುತ್ತದೆ. ಆದರೆ ಮಾರುಕಟ್ಟೆ ವಯಸ್ಸಿಗೆ ಬೆಲೆ ಕಟ್ಟುತ್ತದೆ. 20 ವರ್ಷದ ಹುಡುಗನಿಗೆ ಮುಂದಿನ ಹತ್ತು ವರ್ಷದ ಆಸೆಯ ಬೆಲೆ. 35ರ ಮೆಸ್ಸಿ ಕತಾರ್‌ನಲ್ಲಿ ಟೂರ್ನಿಯ ಶ್ರೇಷ್ಠ ಆಟಗಾರನಾದರೂ ಮಾರುಕಟ್ಟೆಯಲ್ಲಿ ಆಗ ಅವರಿಗಿಂತ ದುಬಾರಿ ಯುವಕರು ಎಷ್ಟೋ ಮಂದಿ ಇದ್ದರು.

ಒಳ್ಳೆಯ ಆಟಗಾರರನ್ನು ಒಟ್ಟು ಹಾಕಿದ ಮಾತ್ರಕ್ಕೆ ಒಳ್ಳೆಯ ತಂಡ ಆಗುವುದೂ ಇಲ್ಲ. ಬೇಳೆ, ತರಕಾರಿ, ಹುಳಿಪುಡಿ ಎಲ್ಲ ಉತ್ತಮ ದರ್ಜೆಯದೇ ಇದ್ದರೂ ಹದ ತಪ್ಪಿದರೆ ಸಾರು ಕೆಡುತ್ತದೆ. ದೇಶದ ತಂಡಕ್ಕೆ ಈ ಹದ ಹಿಡಿಯಲು ಸಿಗುವ ಸಮಯವೇ ಕಡಿಮೆ. ಕ್ಲಬ್ ತಂಡ ವರ್ಷವಿಡೀ ಒಟ್ಟಿಗೆ ಅಭ್ಯಾಸ ಮಾಡುತ್ತದೆ. ದೇಶದ ತಂಡ ವರ್ಷದಲ್ಲಿ ಕೆಲವೇ ಬಾರಿ, ಕೆಲವೇ ದಿನ ಸೇರುತ್ತದೆ. 2010ರಲ್ಲಿ ಕಪ್ ಗೆದ್ದ ಸ್ಪೇನ್‌ನ ಬೆನ್ನೆಲುಬು ಬಾರ್ಸಿಲೋನಾ ಕ್ಲಬ್‌ನ ಆಟಗಾರರು, 2014ರ ಜರ್ಮನಿಯದು ಬಾಯರ್ನ್ ಮ್ಯೂನಿಕ್‌ನವರು. ಒಬ್ಬರ ಓಟ ಇನ್ನೊಬ್ಬರಿಗೆ ಕಣ್ಣುಮುಚ್ಚಿದರೂ ಗೊತ್ತು.

ಇದಕ್ಕೆ ಎದುರು ಉದಾಹರಣೆ ಬೆಲ್ಜಿಯಂ. ಡಿ ಬ್ರುಯ್ನ, ಹಜಾರ್ಡ್, ಲುಕಾಕು, ಕೊರ್ಟುವಾ ಒಂದೇ ಕಾಲದಲ್ಲಿ ಅಲ್ಲಿದ್ದರು. 2018ರಿಂದ 2022ರ ಆರಂಭದವರೆಗೆ ರ‍್ಯಾಂಕಿಂಗ್‌ನಲ್ಲಿ ಅದೇ ಮೊದಲು. ಸಿಕ್ಕ ದೊಡ್ಡ ಫಲ 2018ರ ಮೂರನೇ ಸ್ಥಾನ. ಕತಾರ್‌ನಲ್ಲಿ ಗುಂಪು ಹಂತವನ್ನೂ ದಾಟಲಿಲ್ಲ.

ಜನ ಹೆಚ್ಚಿದ್ದರೆ ಆಟಗಾರರೂ ಹೆಚ್ಚಿರಬೇಕಲ್ಲವೇ

140 ಕೋಟಿ ಜನರಲ್ಲಿ ಹನ್ನೊಂದು ಮಂದಿ ಸಿಗುವುದಿಲ್ಲವೇ ಎಂಬ ಪ್ರಶ್ನೆ ಪ್ರತಿ ವಿಶ್ವಕಪ್‌ಗೂ ಕೇಳಿಬರುತ್ತದೆ. ಹೊಲದ ಲೆಕ್ಕದಲ್ಲಿ ಯೋಚಿಸಿದರೆ ಉತ್ತರ ಸಿಗುತ್ತದೆ. ನೂರು ಎಕರೆ ಇದ್ದು ಎರಡು ಎಕರೆಗೆ ಮಾತ್ರ ನಾಲೆಯ ನೀರು ಬಂದರೆ ಬೆಳೆ ಬರುವುದು ಎರಡೇ ಎಕರೆಯಲ್ಲಿ. ಹತ್ತು ಎಕರೆಯವನ ಇಡೀ ಹೊಲಕ್ಕೆ ನೀರಿದ್ದರೆ ಅವನ ಕಣವೇ ದೊಡ್ಡದು. ಇಲ್ಲಿ ನೀರು ಎಂದರೆ ಚಿಕ್ಕ ವಯಸ್ಸಿನಲ್ಲೇ ಸಿಗುವ ಮೈದಾನ, ಕಲಿತ ಕೋಚ್, ವರ್ಷವಿಡೀ ನಡೆಯುವ ಮಕ್ಕಳ ಲೀಗ್.

ಐಸ್‌ಲ್ಯಾಂಡ್‌ನ ಜನಸಂಖ್ಯೆ ನಾಲ್ಕು ಲಕ್ಷಕ್ಕಿಂತ ಕಡಿಮೆ. ಹಿಮದಲ್ಲೂ ಆಡಬಹುದಾದ ಒಳಾಂಗಣ ಮೈದಾನ ಕಟ್ಟಿ, ಮಕ್ಕಳಿಗೂ ಪರವಾನಗಿ ಪಡೆದ ಕೋಚ್‌ಗಳನ್ನೇ ಕೊಟ್ಟ ಆ ದೇಶ 2016ರ ಯೂರೋ ಕಪ್‌ನಲ್ಲಿ ಇಂಗ್ಲೆಂಡ್ ಅನ್ನು ಸೋಲಿಸಿ, 2018ರ ವಿಶ್ವಕಪ್‌ನಲ್ಲಿ ಆಡಿತು. ಈಗ ಆ ದಾಖಲೆಯನ್ನೂ ಮುರಿದು, ಸುಮಾರು ಒಂದೂವರೆ ಲಕ್ಷ ಜನರ ಕೆರಿಬಿಯನ್ ದ್ವೀಪ ಕುರಸಾವ್ 2026ಕ್ಕೆ ಅರ್ಹತೆ ಪಡೆದಿದೆ. ವಿಶ್ವಕಪ್‌ಗೆ ಬಂದ ದೇಶಗಳಲ್ಲೇ ಅತಿ ಕಡಿಮೆ ಜನಸಂಖ್ಯೆಯದು. ಅದರ ಆಟಗಾರರಲ್ಲಿ ಬಹುತೇಕರು ಹುಟ್ಟಿ ಕಲಿತದ್ದು ನೆದರ್ಲೆಂಡ್ಸ್‌ನಲ್ಲಿ. ಅಂದರೆ ಹೊಲ ಇಲ್ಲಿ, ನೀರು ಅಲ್ಲಿಯದು. 2022ರಲ್ಲಿ ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕನ್ ದೇಶ ಮೊರಾಕೊದ 26 ಆಟಗಾರರಲ್ಲಿ 14 ಮಂದಿ ಹೊರದೇಶಗಳಲ್ಲಿ ಹುಟ್ಟಿದವರು. ಜೊತೆಗೆ ಮೊರಾಕೊ ತನ್ನ ನೆಲದಲ್ಲೂ ದೊಡ್ಡ ಅಕಾಡೆಮಿ ಕಟ್ಟಿತು, 2025ರಲ್ಲಿ 20 ವರ್ಷದೊಳಗಿನವರ ವಿಶ್ವಕಪ್ ಗೆದ್ದಿತು.

ಭಾರತ ಇಬ್ಬಗೆಯ ಪೌರತ್ವ ಒಪ್ಪುವುದಿಲ್ಲವಾದ್ದರಿಂದ ಈ ದಾರಿ ನಮಗೆ ಕಿರಿದು. ಆಸ್ಟ್ರೇಲಿಯಾದಲ್ಲಿ ಹುಟ್ಟಿ ಬೆಂಗಳೂರು ಎಫ್‌ಸಿಗೆ ಆಡುವ ರಯಾನ್ ವಿಲಿಯಮ್ಸ್ 2025ರಲ್ಲಿ ತಮ್ಮ ಹಳೆಯ ಪಾಸ್‌ಪೋರ್ಟ್ ಬಿಟ್ಟುಕೊಟ್ಟ ಮೇಲೆಯೇ ಭಾರತದ ಶಿಬಿರಕ್ಕೆ ಬರಲು ಸಾಧ್ಯವಾಯಿತು.

ಬಲಿಷ್ಠ ತಂಡ ಸೋಲುವುದೇಕೆ

ಗಲ್ಲಿ ಕ್ರಿಕೆಟ್ ಆಡಿದವರಿಗೆಲ್ಲ ಇದು ಗೊತ್ತು. ನಿಮಗಿಂತ ಚೆನ್ನಾಗಿ ಆಡುವ ತಂಡದ ಎದುರು 20 ಓವರ್ ಆಡಿದರೆ ಸೋಲುವುದು ಬಹುತೇಕ ಖಚಿತ. ಒಂದೇ ಓವರ್‌ನ ಆಟ ಎಂದರೆ ಗೆದ್ದರೂ ಗೆಲ್ಲಬಹುದು. ಆಟ ಚಿಕ್ಕದಾದಷ್ಟೂ ಅದೃಷ್ಟದ ಪಾಲು ಹೆಚ್ಚು. 2024ರ ಟಿ20 ವಿಶ್ವಕಪ್‌ನಲ್ಲಿ ಅಮೆರಿಕ ಪಾಕಿಸ್ತಾನವನ್ನು ಡಲ್ಲಾಸ್‌ನಲ್ಲಿ ಸೂಪರ್ ಓವರ್‌ನಲ್ಲಿ ಸೋಲಿಸಿತು. ಚಿಕ್ಕಮಗಳೂರು ಮೂಲದ ನೊಸ್ತುಶ್ ಕೆಂಜಿಗೆ ಅಂದು ಮೂರು ವಿಕೆಟ್ ಕಿತ್ತರು. ಐದು ದಿನದ ಟೆಸ್ಟ್‌ನಲ್ಲಿ ಅಂಥ ಫಲಿತಾಂಶ ಬರುವುದು ಬಹಳ ಕಷ್ಟ.

ಫುಟ್‌ಬಾಲ್ 90 ನಿಮಿಷ ಆಡಿದರೂ ಗೋಲುಗಳ ಲೆಕ್ಕದಲ್ಲಿ ಅದು ತೀರಾ ಚಿಕ್ಕ ಆಟ. ಕತಾರ್‌ನ 64 ಪಂದ್ಯಗಳಲ್ಲಿ ಬಂದ ಗೋಲು 172. ಪಂದ್ಯಕ್ಕೆ ಮೂರೂ ಇಲ್ಲ. ಒಂದು ಬಲಿಷ್ಠ ತಂಡ ಸರಾಸರಿ 1.8 ಗೋಲು, ಎದುರಾಳಿ ಅದರ ಅರ್ಧ, ಅಂದರೆ 0.9 ಗೋಲು ಹೊಡೆಯುತ್ತದೆ ಎಂದಿಟ್ಟುಕೊಳ್ಳಿ. ಬಲದಲ್ಲಿ ಇಮ್ಮಡಿ. ಸಂಭವನೀಯತೆಯ ಸಾಮಾನ್ಯ ಲೆಕ್ಕ ಹಾಕಿದರೆ ಬಲಿಷ್ಠ ತಂಡ ಗೆಲ್ಲುವುದು ನೂರರಲ್ಲಿ ಸುಮಾರು 59 ಬಾರಿ, ಡ್ರಾ 23, ಸೋಲು 18. ಇಮ್ಮಡಿ ಬಲವಿದ್ದೂ ಹತ್ತರಲ್ಲಿ ನಾಲ್ಕು ಬಾರಿ ಗೆಲುವಿಲ್ಲ!

ಲುಸೈಲ್‌ನಲ್ಲಿ ಆದದ್ದು ಇದೇ. ಮೊದಲಾರ್ಧದಲ್ಲಿ ಅರ್ಜೆಂಟೀನಾದ ಮೂರು ಗೋಲುಗಳು ಆಫ್‌ಸೈಡ್ ಎಂದು ರದ್ದಾದವು. ಸೌದಿ ಇಡೀ ಪಂದ್ಯದಲ್ಲಿ ಗೋಲಿನತ್ತ ಹೊಡೆದದ್ದು ಮೂರೇ ಬಾರಿ, ಅದರಲ್ಲಿ ಎರಡು ಒಳಗೆ ಹೋದವು. ಇಂಥ ದಿನವನ್ನು ಅಳೆಯಲು ವಿಶ್ಲೇಷಕರು ‘ನಿರೀಕ್ಷಿತ ಗೋಲು’ ಎಂಬ ಅಳತೆ ಬಳಸುತ್ತಾರೆ. ಪ್ರತಿ ಹೊಡೆತವೂ ಎಷ್ಟು ದೂರದಿಂದ, ಯಾವ ಕೋನದಿಂದ ಬಂತು ಎಂದು ನೋಡಿ, ಹಿಂದೆ ಅಂಥ ಹೊಡೆತಗಳಲ್ಲಿ ಎಷ್ಟು ಗೋಲಾಗಿದ್ದವು ಎಂಬುದರಿಂದ ಅದಕ್ಕೆ ಬೆಲೆ ಕೊಡುತ್ತಾರೆ. ಪೆನಾಲ್ಟಿಯ ಬೆಲೆ ಹೆಚ್ಚುಕಡಿಮೆ ಮುಕ್ಕಾಲು ಗೋಲು, ದೂರದಿಂದ ಬೀಸಿದ ಹೊಡೆತದ ಬೆಲೆ ಅತ್ಯಲ್ಪ. ಒಂದು ಪಂದ್ಯದಲ್ಲಿ ಫಲಿತಾಂಶಕ್ಕೂ ಈ ಮೊತ್ತಕ್ಕೂ ತಾಳೆ ಆಗದೇ ಇರಬಹುದು. ಇಪ್ಪತ್ತು ಪಂದ್ಯಗಳಲ್ಲಿ ತಂಡದ ನಿಜವಾದ ಮಟ್ಟ ಕಾಣತೊಡಗುತ್ತದೆ.

ಕಪ್ ಗೆಲ್ಲುವ ಸಾಧ್ಯತೆ

2026ರಲ್ಲಿ ನಾಲ್ಕು ತಂಡಗಳ 12 ಗುಂಪು. ಪ್ರತಿ ಗುಂಪಿನ ಮೊದಲ ಎರಡು ತಂಡ, ಜೊತೆಗೆ ಮೂರನೇ ಸ್ಥಾನದವರಲ್ಲಿ ಉತ್ತಮ ಎಂಟು, ಹೀಗೆ 32 ತಂಡಗಳು ಮುಂದೆ ಹೋಗುತ್ತವೆ. ಮೂರರಲ್ಲಿ ಎರಡು ಪಾಲು ತಂಡಗಳು ಪಾಸು! 2022ರಲ್ಲಿ ನಾಲ್ಕು ಅಂಕ ಪಡೆದೂ ಗುಂಪಿನಲ್ಲೇ ಹೊರಬಿದ್ದ ಜರ್ಮನಿಯಂಥ ತಂಡ ಈ ಏರ್ಪಾಡಿನಲ್ಲಿ ಬಹುತೇಕ ಉಳಿದುಕೊಳ್ಳುತ್ತದೆ. ಆದರೆ ಕಪ್‌ಗೆ ಈಗ ನಾಲ್ಕರ ಬದಲು ಐದು ನಾಕೌಟ್ ಪಂದ್ಯ ಗೆಲ್ಲಬೇಕು.

ಐದೂ ಪಂದ್ಯಗಳಲ್ಲಿ ನಾಲ್ಕಕ್ಕೆ ಮೂರರಷ್ಟು ಗೆಲ್ಲುವ ಸಾಧ್ಯತೆ ಇರುವ ಅಪಾರ ಬಲದ ತಂಡವೊಂದಿದೆ ಎನ್ನಿ. 0.75 ಅನ್ನು ಐದು ಬಾರಿ ಗುಣಿಸಿದರೆ 0.24 ಬರುತ್ತದೆ. ಅಷ್ಟು ಬಲವಿದ್ದೂ ನಾಲ್ಕರಲ್ಲಿ ಮೂರು ಬಾರಿ ಕಪ್ ಬೇರೆಯವರ ಪಾಲು. ವಿಶ್ಲೇಷಕರು ಕಂಪ್ಯೂಟರಿನಲ್ಲಿ ಇಡೀ ಟೂರ್ನಿಯನ್ನು ಸಾವಿರಾರು ಬಾರಿ ಆಡಿಸಿ ನೋಡಿದಾಗ ಅಚ್ಚುಮೆಚ್ಚಿನ ತಂಡಕ್ಕೂ ಶೇ 15 ಅಥವಾ 20 ಮಾತ್ರ ಸಿಗುವುದು ಇದಕ್ಕಾಗಿ. ಅದನ್ನು ಕಂಡು ‘ಇವರೇ ಗೆಲ್ಲುತ್ತಾರಂತೆ’ ಎಂದು ಓದಿದರೆ ತಪ್ಪು. ಮಳೆಯ ಸಾಧ್ಯತೆ ಶೇ 20 ಎಂದ ದಿನ ನಾವು ಛತ್ರಿ ಮನೆಯಲ್ಲೇ ಬಿಟ್ಟು ಹೋಗುತ್ತೇವೆ.

ದಾರಿಯಲ್ಲಿ ಯಾರು ಸಿಗುತ್ತಾರೆ ಎಂಬುದೂ ಮುಖ್ಯ. ಈ ಬಾರಿ ಮೊದಲ ನಾಲ್ಕು ರ‍್ಯಾಂಕ್‌ನ ತಂಡಗಳನ್ನು ಚಾರ್ಟ್‌ನ ನಾಲ್ಕು ಮೂಲೆಗೆ ಹಾಕಿದ್ದಾರೆ. ಸ್ಪೇನ್ ಮತ್ತು ಅರ್ಜೆಂಟೀನಾ ತಂತಮ್ಮ ಗುಂಪು ಗೆದ್ದರೆ ಫೈನಲ್‌ಗೆ ಮೊದಲು ಎದುರಾಗುವುದಿಲ್ಲ. ರ‍್ಯಾಂಕಿಂಗ್ ಅಂಕ ಹೀಗೆ ಅಳತೆಯಾಗಿ ಮಾತ್ರ ಉಳಿಯದೆ ದಾರಿಯನ್ನೂ ಹಗುರ ಮಾಡಿಕೊಡುತ್ತದೆ.

ಕೊನೆಗೆ ಮತ್ತೆ ಲುಸೈಲ್. 2022ರ ಡಿಸೆಂಬರ್ 18, ಫೈನಲ್. ಅರ್ಜೆಂಟೀನಾ 3, ಫ್ರಾನ್ಸ್ 3. 120 ನಿಮಿಷ ಮುಗಿದು ಹೆಚ್ಚುವರಿ ಸಮಯದ ಮೂರನೇ ನಿಮಿಷದಲ್ಲಿ ಫ್ರಾನ್ಸ್‌ನ ಕೋಲೊ ಮುವಾನಿ ಗೋಲ್‌ಕೀಪರ್ ಎಮಿಲಿಯಾನೊ ಮಾರ್ಟಿನೆಜ್ ಎದುರು ಒಂಟಿಯಾಗಿ ನಿಂತು ಹೊಡೆದರು. ಮಾರ್ಟಿನೆಜ್ ಚಾಚಿದ ಎಡಗಾಲಿಗೆ ಚೆಂಡು ಬಡಿಯಿತು. ಶೂಟೌಟ್‌ನಲ್ಲಿ ಅರ್ಜೆಂಟೀನಾ 4–2ರಿಂದ ಗೆದ್ದಿತು. ನಾಲ್ಕು ದಿನಗಳ ನಂತರ ಫಿಫಾ ಹೊಸ ಪಟ್ಟಿ ಪ್ರಕಟಿಸಿದಾಗ ವಿಶ್ವ ಚಾಂಪಿಯನ್ ಅರ್ಜೆಂಟೀನಾ ಇದ್ದದ್ದು ಎರಡನೇ ಸ್ಥಾನದಲ್ಲಿ. ಕ್ವಾರ್ಟರ್‌ಫೈನಲ್‌ನಲ್ಲೇ ಶೂಟೌಟ್‌ನಲ್ಲಿ ಹೊರಬಿದ್ದಿದ್ದ ಬ್ರೆಜಿಲ್ ಮೂರು ಅಂಕಕ್ಕಿಂತ ಕಡಿಮೆ ಅಂತರದಲ್ಲಿ ಮೊದಲ ಸ್ಥಾನ ಉಳಿಸಿಕೊಂಡಿತ್ತು. ಶೂಟೌಟ್‌ನಲ್ಲಿ ಗೆದ್ದ ಫೈನಲ್‌ಗೆ ಅರ್ಜೆಂಟೀನಾಕ್ಕೆ ಸಿಕ್ಕಿದ್ದು 1ರ ಬದಲು 0.75ರ ಲೆಕ್ಕ, ನಾಕೌಟ್‌ನಲ್ಲಿ ಸೋತ ಬ್ರೆಜಿಲ್‌ಗೆ ಅಂಕ ಕಡಿತವೇ ಇರಲಿಲ್ಲ. ಸೌದಿ ಎದುರು ಕಳೆದುಕೊಂಡ 39 ಅಂಕವೂ ಅರ್ಜೆಂಟೀನಾದ ಖಾತೆಯಲ್ಲಿ ಇನ್ನೂ ಕಾಣುತ್ತಿತ್ತು.